ಎರಡು ಹೊಟ್ಟೆಯ ಅಕ್ಷರ

ತೊಖ್ತಾಖಾನಳ ಹೆಸರಿಗೆ ‘ನಿಲ್ಲು’ ಎಂದರ್ಥ. ಅವಳಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ನಿಲ್ಲದೆ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ತಂದೆತಾಯಿ ಹೂವು ನಕ್ಷತ್ರಗಳ ಹೆಸರು ಹುಡುಕುವ ಗೊಡವೆಗೆ ಹೋಗದೆ ನೇರವಾಗಿ ಅಪ್ಪಣೆ ಕೊಟ್ಟುಬಿಟ್ಟರು. ಅವಳು ನಿಂತಳು. ಅರವತ್ತೊಂದು ವರ್ಷದಿಂದ ನಿಂತಿದ್ದಾಳೆ. ಬೇರೆಯವರ ಅಪ್ಪಣೆಯನ್ನು ಅವಳು ಪಾಲಿಸಿದ್ದು ಅದೊಂದೇ ಸಲ ಎಂದು ಅವಳ ಗಂಡ ಹೇಳುವುದುಂಟು, ಅವಳು ಮನೆಯಲ್ಲಿಲ್ಲದಾಗ.

ಗಂಡ ಒದಿಲ್‌ಜೋನ್ ಕೋಕ್ತೆರಾಕ್ ಊರಿನ ನಾಲ್ಕನೇ ನಂಬರ್ ಬಸ್ಸಿನ ಡ್ರೈವರಾಗಿದ್ದವನು. ಇಳಿಯಬೇಕಾದವರೆಲ್ಲ ಹಿಂದಿನಿಂದ “ತೊಖ್ತಾ! ತೊಖ್ತಾ!” ಎಂದು ಕೂಗುತ್ತಿದ್ದರು, ಬಸ್ಸಿನಲ್ಲಿ ಬೇರೆ ಏನು ಕೂಗಲು ಬರುತ್ತದೆ? ಮೂವತ್ತು ವರ್ಷ ಊರಿಗೆ ಊರೇ ಹೆಂಡತಿಯ ಹೆಸರನ್ನು ಅವನ ಬೆನ್ನ ಹಿಂದೆ ಕೂಗಿತು, ಪ್ರತಿ ಸಲವೂ ಅವನು ಬ್ರೇಕ್ ಒತ್ತಿದ. ಅಭ್ಯಾಸ ಮನೆಗೂ ಬಂತು. ಸಂಸಾರ ಸುಸೂತ್ರವಾಗಿ ನಡೆಯಿತು.

ಇಂಥ ಹೆಸರು ಹೊತ್ತವಳಿಗೆ ಸರ್ಕಾರ ಕೊಟ್ಟ ಕೆಲಸ, ಬೇರೆಯವರ ಹೆಸರು ಬರೆಯುವುದು. ಜನನ ನೋಂದಣಿ ಕಚೇರಿಯ ಎರಡನೇ ಕಿಟಕಿಯಲ್ಲಿ ಅವಳು ಮೂವತ್ತನಾಲ್ಕು ವರ್ಷ ಕುಳಿತಳು. ಮಗು ಹುಟ್ಟಿದ ಸಂಭ್ರಮದಲ್ಲಿ ಗಂಡಸರಿಗೆ ಬುದ್ಧಿ ನೆಟ್ಟಗಿರುವುದಿಲ್ಲ ಎಂಬುದು ಅವಳ ಅನುಭವ. ಒಬ್ಬ ಟಿವಿ ಧಾರಾವಾಹಿಯ ನಾಯಕಿಯ ಹೆಸರು ತರುತ್ತಿದ್ದ. ಕಥೆಯಲ್ಲಿ ಆಕೆ ಮುಂದೆ ಯಾರಿಗೆ ವಿಷ ಹಾಕುತ್ತಾಳೆಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಇನ್ನೊಬ್ಬ ಸೈನ್ಯದಲ್ಲಿ ತಾನು ಓಡಿಸಿದ ಟ್ಯಾಂಕಿನ ಹೆಸರು ತರುತ್ತಿದ್ದ. ತೊಖ್ತಾಖಾನ್ ಪೆನ್ನು ಕೆಳಗಿಟ್ಟು ಮೂರು ಪರೀಕ್ಷೆ ಮಾಡಿಸುತ್ತಿದ್ದಳು.

“ಬಾಗಿಲಲ್ಲಿ ನಿಂತು ಊಟಕ್ಕೆ ಕರೀರಿ. ಹ್ಞೂಂ, ಇಲ್ಲೇ, ಜೋರಾಗಿ. ಈಗ ಪಕ್ಕದ್ಮನೆ ಗಾಜು ಒಡೆದಿದ್ದಾನೆ, ಬೈರಿ. ಈಗ ಎಂಬತ್ತು ವರ್ಷ ಆಯ್ತು, ತೀರ್ಕೊಂಡ, ಬಂದವರ ಮುಂದೆ ಮೆತ್ತಗೆ ಹೇಳಿ.”

ಮೂರನೆಯದಕ್ಕೆ ಬರುವಷ್ಟರಲ್ಲಿ ಟ್ಯಾಂಕಿನ ಹೆಸರು ತಂದವನೂ ತಾತನ ಹೆಸರಿಗೆ ಒಪ್ಪಿರುತ್ತಿದ್ದ. ತಾನು ಬರೆದ ಹೆಸರನ್ನು ಬದಲಾಯಿಸಿಕೊಡಿ ಎಂದು ಒಬ್ಬರೂ ಆ ಕಿಟಕಿಗೆ ವಾಪಸು ಬರಲಿಲ್ಲವೆಂಬುದು ಅವಳ ಜೀವಮಾನದ ಆಸ್ತಿ. ಬೇರೆ ಆಸ್ತಿ ಅಂಗಳದ ದ್ರಾಕ್ಷಿ ಚಪ್ಪರ ಮಾತ್ರ.

ಇನ್ನೊಂದು ನಿಯಮವಿತ್ತು. ಹೆಸರಿನ ಮೊದಲಕ್ಷರ ದೊಡ್ಡಕ್ಷರವೇ ಆಗಬೇಕು. ಚಿಕ್ಕಕ್ಷರದಲ್ಲಿ ಬರೆದು ತಂದ ಅರ್ಜಿಯನ್ನು ಅವಳು ಕಿಟಕಿಯಿಂದ ಹೊರಗೆ ತಳ್ಳಿಬಿಡುತ್ತಿದ್ದಳು. “ಚಿಕ್ಕದ್ರಲ್ಲಿ ಶುರುವಾದವನು ಚಿಕ್ಕವನಾಗೇ ಉಳೀತಾನೆ. ಸರಿಯಾಗಿ ಬರೆದು ತನ್ನಿ.” ಅವಳ ಸೇವೆಯ ನಡುವೆ ಸರ್ಕಾರ ಲಿಪಿಯನ್ನೇ ಬದಲಾಯಿಸಿತು. ಅಲ್ಲಿಯವರೆಗೆ ರಷ್ಯನ್ನರ ಅಕ್ಷರದಲ್ಲಿ ಬರೆಯುತ್ತಿದ್ದ ನಾವು ಲ್ಯಾಟಿನ್ ಅಕ್ಷರಕ್ಕೆ ಹೊರಳಿದೆವು. ಹೊರಳಿದೆವು ಎಂದರೆ, ಮಕ್ಕಳು ಹೊರಳಿದರು, ಮುದುಕರು ಮೊದಲಿದ್ದಲ್ಲೇ ಕುಳಿತರು, ನಡುವಿನವರು ಅಂಗಡಿಯ ಬೋರ್ಡುಗಳನ್ನು ಅಂದಾಜಿನ ಮೇಲೆ ಓದಿಕೊಂಡು ಹೋದರು. ತೊಖ್ತಾಖಾನ್ ಮಾತ್ರ ನಲವತ್ತು ದಫ್ತರಗಳನ್ನು ಹಳೆಯ ಅಕ್ಷರದಿಂದ ಹೊಸದಕ್ಕೆ ಎತ್ತಿ ಬರೆದಳು. ಒಂದು ಚುಕ್ಕೆ ತಪ್ಪಲಿಲ್ಲ. ಮುಂದೆ ನಡೆದದ್ದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಅವಳು ನಿವೃತ್ತಳಾದ ಮೂರನೇ ವರ್ಷ ಊರ ಹೊರಗಿನ ವೋದಿ ಮೋಟಾರು ಕಾರ್ಖಾನೆಯವರು ಹೆದ್ದಾರಿಯ ಪಕ್ಕದಲ್ಲಿ ಮನೆಯಷ್ಟು ಎತ್ತರದ ಫಲಕ ನಿಲ್ಲಿಸಿದರು. ಅಲ್ಲಿಯವರೆಗೆ ಬೇರೆಯವರ ಕಾರುಗಳ ಬಿಡಿಭಾಗ ಜೋಡಿಸುತ್ತಿದ್ದ ಕಾರ್ಖಾನೆ ಮೊದಲ ಸಲ ತನ್ನದೇ ದೊಡ್ಡ ಕಾರು ಮಾಡುತ್ತಿತ್ತು. ತಾಷ್ಕೆಂತಿನಿಂದ ಬಂದ ಪ್ರಚಾರದ ಮುಖ್ಯಸ್ಥ ಸಾನ್ಜಾರ್, ಹೊರದೇಶದಲ್ಲಿ ಓದಿದವನು, ಇಂಥ ಎತ್ತರದ ಕಾರುಗಳಿಗೆ ಅಲ್ಲಿಯ ಪತ್ರಿಕೆಗಳು ಬಳಸುವ ಮೂರಕ್ಷರವನ್ನೇ ಫಲಕಕ್ಕೆ ಹಾಕಿಸಿದ: “ಕೋಕ್ತೆರಾಕಿಗೆ ಬರುತ್ತಿದೆ ನಮ್ಮದೇ SUV!” ನಮ್ಮ ಮಾತಿನಲ್ಲಿ ‘ಸುವ್’ ಎಂದರೆ ನೀರು. ಆ ವರ್ಷ ಊರಿನ ನಲ್ಲಿಗಳಿಗೆ ದಿನ ಬಿಟ್ಟು ದಿನ ನೀರು. ವಾರದೊಳಗೆ ಮೂರು ಬೀದಿಯ ಹೆಂಗಸರು ಬಕೆಟ್ಟು ಹಿಡಿದು ಕಾರ್ಖಾನೆಯ ಗೇಟಿಗೆ ಬಂದರು. ಊರ ಹಿರಿಯರು ನಿರ್ದೇಶಕರಿಗೆ ಧನ್ಯವಾದದ ಪತ್ರ ಬರೆದು ಅರವತ್ತು ಜನರ ಸಹಿ ಹಾಕಿಸಿ ಕಳಿಸಿದರು.

ನಿರ್ದೇಶಕ ಇಲ್ಹೋಮ್ ಕೊಮಿಲೊವಿಚ್ ಆ ಪತ್ರವನ್ನು ಎರಡು ಸಲ ಓದಿ, ಫಲಕ ಇಳಿಸಿ, ಕಾರಿಗೆ ಹೆಸರಿಡುವ ಸಮಿತಿಗೆ ಊರಿನ ಮಾತು ಬಲ್ಲ ಒಬ್ಬರು ಬೇಕೆಂದರು. ಊರಿನಲ್ಲಿ ಹೆಸರೆಂದರೆ ತೊಖ್ತಾ ಓಪಾ, ಅಂದರೆ ತೊಖ್ತಾ ಅಕ್ಕ. ಕಾರಿನ ಹೆಸರಿನ ಪ್ರಮಾಣಪತ್ರಕ್ಕೆ ಕೊನೆಯ ಸಹಿ ಅವಳದು, ಅವಳು ಸಹಿ ಹಾಕದ ಹೆಸರು ಕಾರಿನ ಮೇಲೆ ಏರುವುದಿಲ್ಲ ಎಂದು ತೀರ್ಮಾನವಾಯಿತು. ಅವಳು ಮೂರು ದಿನ ಯೋಚಿಸುವವಳಂತೆ ನಟಿಸಿ ಒಪ್ಪಿಕೊಂಡಳು.

ಸಮಿತಿ ಸೇರಿದ್ದು ಜುಲೈ ತಿಂಗಳಲ್ಲಿ. ಮೇಜಿನ ಮೇಲೆ ಕರ್ಬೂಜ, ದ್ರಾಕ್ಷಿ, ಹಸಿರು ಚಹಾ. ಗೋಡೆಯ ಮೇಲೆ ಸಾನ್ಜಾರನ ಚಿತ್ರಗಳು. ಅವನು ಕಾಲುಚೀಲವಿಲ್ಲದೆ ಬೂಟು ಹಾಕಿದ್ದ. ತೊಖ್ತಾಖಾನ್ ಅದನ್ನು ಕಂಡು, ಬಡವರ ಮನೆಯ ಹುಡುಗನಿರಬೇಕು ಅಂದುಕೊಂಡಳು.

“ಮೊದಲನೇದು, ಶಮೋಲ್,” ಎಂದ ಸಾನ್ಜಾರ್. “ಗಾಳಿ. ವೇಗ, ಸ್ವಾತಂತ್ರ್ಯ.”

“ಮಗೂಗೆ ನೆಗಡಿ ಆದ್ರೆ ನಿಮ್ಮ ತಾಯಿ ಏನಂತಿದ್ರಪ್ಪಾ?”

ಸಾನ್ಜಾರ್ ಯೋಚಿಸಿದ. “...ಶಮೋಲ್ ಹಿಡೀತು ಅಂತ.”

“ಹ್ಞಾ. ಜನವರೀಲಿ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲ್ಲ. ಕೆಮ್ಮತ್ತೆ. ಪಕ್ಕದ್ಮನೆಯವನು ಏನಂತಾನೆ? ಮುಂದಿನ್ದು ಹೇಳಿ.”

“ಬುರ್ಗುತ್. ಹದ್ದು.”

“ಹದ್ದು ಹಾರತ್ತೆ. ಇದು ಹಾರತ್ತಾ?”

“ಅದು ಒಂದು ಭಾವನೆ, ಓಪಾ.”

“ಭಾವನೆಗೆ ನಾಲ್ಕು ಟೈರು ಯಾಕೆ ಹಾಕಿದ್ದೀರಿ?”

“ಸರಿ, ಸರ್ದೋರ್,” ಎಂದು ಇಲ್ಹೋಮ್ ಕೊಮಿಲೊವಿಚ್ ನಡುವೆ ಬಾಯಿ ಹಾಕಿದರು. ‘ನಾಯಕ’ ಎಂಬ ಆ ಹೆಸರು ಅವರ ಸ್ವಂತ ಸೂಚನೆ.

“ಈ ಊರಲ್ಲಿ ನನ್ನ ಕೈಯಲ್ಲಿ ಬರೆದ ಸರ್ದೋರ್‌ಗಳೇ ಇನ್ನೂರ ಹನ್ನೊಂದು ಇದ್ದಾರೆ, ಇಲ್ಹೋಮ್ ಕೊಮಿಲೊವಿಚ್. ಸರ್ದೋರ್ ಹೋಗಿ ಸರ್ದೋರ್‌ಗೆ ಗುದ್ದಿತು ಅಂತ ಪೊಲೀಸರು ಬರೀತಾರೆ. ಆಮೇಲೆ ಯಾರನ್ನ ಒಳಗೆ ಹಾಕ್ತಾರೆ?”

ಸಾನ್ಜಾರ್ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಏಳು ಎಂಬ ಅಂಕಿ ತೋರಿಸಿದ. ಈಗ ಪ್ರಪಂಚದಲ್ಲೆಲ್ಲ ಹೀಗೇ ಇಡುತ್ತಾರೆಂದ.

“ಆಸ್ಪತ್ರೆಯಲ್ಲಿ ಮಂಚಕ್ಕೂ ಹೀಗೇ ಇಡ್ತಾರೆ.”

ನಿರ್ದೇಶಕರು ಹಣೆ ಒರೆಸಿಕೊಂಡರು. “ಓಪಾ, ಬೇರೆ ದಾರಿಯೇ ಇಲ್ಲ. ನಿಮ್ಮ ಹೆಸರನ್ನೇ ಇಟ್ಟುಬಿಡೋಣ.”

“ಬ್ರೇಕಿಗೆ ಇಡಿ,” ಎಂದಳು ತೊಖ್ತಾಖಾನ್, ನಗದೆ. ಆಮೇಲೆ ಚೀಲದಿಂದ ಮಡಿಸಿದ ಕಾಗದ ತೆಗೆದಳು. ಅದರಲ್ಲಿ ಒಂದೇ ಹೆಸರಿತ್ತು: ಬಖ್ತ್. ಭಾಗ್ಯ ಎಂದರೂ ಅದೇ, ಸುಖ ಎಂದರೂ ಅದೇ. ಮದುವೆಯ ಮನೆಯಲ್ಲಿ ಹತ್ತು ಮಾತಿಗೆ ಒಂಬತ್ತು ಸಲ ಬರುವ ಪದ. ಅವಳು ಮನೆಯಲ್ಲಿ ಮೂರೂ ಪರೀಕ್ಷೆ ಮಾಡಿ ನೋಡಿದ್ದಳು.

“‘ನಮ್ಮ ಬಖ್ತ್ ಬಾಗಿಲಲ್ಲಿ ನಿಂತಿದೆ.’ ಚೆನ್ನಾಗಿದೆ ತಾನೇ? ‘ಮಗನಿಗೆ ಮದುವೆಗೆ ಬಖ್ತ್ ಕೊಡಿಸಿದೆ.’ ಅದಕ್ಕಿಂತ ಇನ್ನೇನು ಬೇಕು?”

“ಕೆಟ್ಟು ನಿಂತರೆ?” ಎಂದ ಸಾನ್ಜಾರ್. ಅವನೂ ಕಲಿಯುತ್ತಿದ್ದ.

“‘ನನ್ನ ಬಖ್ತ್ ಕೆಟ್ಟಿತು’ ಅಂತಾನೆ. ಅಂದ್ರೆ ಹಣೆಬರಹ ಬೈಕೋತಾನೆ, ಕಾರ್ಖಾನೆಯನ್ನಲ್ಲ.”

ಇಲ್ಹೋಮ್ ಕೊಮಿಲೊವಿಚ್ ಎದ್ದು ನಿಂತು ಅವಳ ಪಿಂಗಾಣಿ ಬಟ್ಟಲಿಗೆ ತಾವೇ ಚಹಾ ಬಗ್ಗಿಸಿದರು.

ಉಳಿದದ್ದು ಅಕ್ಷರದ ಆಕಾರ. ಸಾನ್ಜಾರ್ ಎರಡು ದಿನದಲ್ಲಿ ನಾಲ್ಕು ಚಿಕ್ಕಕ್ಷರಗಳನ್ನು ಮುಂದಕ್ಕೆ ಸ್ವಲ್ಪ ಬಾಗಿಸಿ ಬರೆದು ತಂದ. baxt. ನಿಜ ಹೇಳಬೇಕೆಂದರೆ ಅಂದವಾಗಿಯೇ ಇತ್ತು. ತೊಖ್ತಾಖಾನ್ ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಆಚೆಗೆ ತಳ್ಳಿದಳು, ಹಳೆಯ ಕಿಟಕಿಯಲ್ಲಿ ತಳ್ಳುತ್ತಿದ್ದ ಹಾಗೆ.

“ದೊಡ್ಡಕ್ಷರ.”

“ಓಪಾ, ಚಿಕ್ಕಕ್ಷರ ಈಗಿನ ಫ್ಯಾಷನ್ನು. ಸ್ನೇಹದಿಂದ ಮಾತಾಡ್ಸಿದ ಹಾಗಿರತ್ತೆ.”

“ಹೆಸರು ಸ್ನೇಹ ಮಾಡೋದಕ್ಕಲ್ಲಪ್ಪಾ, ಕರೆಯೋದಕ್ಕೆ. ಮೊದಲನೇದು ದೊಡ್ಡದು. ಕಬ್ಬಿಣದ ಮೇಲೆ ಹಾಕೋದು ತಾನೇ, ನಾಲ್ಕೂ ದೊಡ್ಡದಾಗ್ಲಿ. ನೆಟ್ಟಗೆ ನಿಲ್ಲಿಸಿ. ಕುಡಿದವರ ಹಾಗೆ ವಾಲೋದು ಬೇಡ.”

ನಾಲ್ಕೂ ದೊಡ್ಡದಾದವು, ನೆಟ್ಟಗೆ ನಿಂತವು. BAXT. ಹಿತ್ತಾಳೆಗೆ ಬೆಳ್ಳಿ ಬಣ್ಣ ಹಾಕಿದ ಆರುನೂರು ನಾಮಫಲಕಗಳು ಎರಕವಾದವು. ಸೆಪ್ಟೆಂಬರ್ ಒಂದಕ್ಕೆ, ಸ್ವಾತಂತ್ರ್ಯದ ಹಬ್ಬದ ದಿನ, ಕಾರು ಹೊರಬರಬೇಕು. ಹೊಸ ಕಾರಿನಲ್ಲಿ ಊರಿನ ಹಿರಿಯ ತಲೆಯೊಂದು ಮೊದಲು ಕುಳಿತು ಕೈಯೆತ್ತಿ ಪ್ರಾರ್ಥನೆ ಮಾಡದೆ ನಮ್ಮ ಕಣಿವೆಯಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಕೋಕ್ತೆರಾಕಿನ ಅತಿ ಹಿರಿಯ ತಲೆ ಎಂಬತ್ತೇಳು ವರ್ಷದ ಸೊಬಿತ್ ಓತಾ, ಅಂದರೆ ಸೊಬಿತ್ ಅಜ್ಜ, ತೊಖ್ತಾಖಾನಳ ಮಾವ. ಅವರು ಮುಂದಿನ ಸೀಟಿನಲ್ಲಿ ಕೂರುವುದೆಂದು ನಿಶ್ಚಯವಾಯಿತು. ಓಡಿಸುವವನು ಒದಿಲ್‌ಜೋನ್. ಒಟ್ಟಿನಲ್ಲಿ ಆ ಕಾರು ಒಂದು ಮನೆಯವರ ಸ್ವಂತ ಮದುವೆಯ ಹಾಗಾಯಿತು.

ಹಬ್ಬಕ್ಕೆ ಎಂಟು ದಿನವಿದ್ದಾಗ ಮಾದರಿಗೆಂದು ಒಂದು ನಾಮಫಲಕವನ್ನು ಅವಳ ಮನೆಗೆ ಕಳಿಸಿದರು. ದ್ರಾಕ್ಷಿ ಚಪ್ಪರದ ಕೆಳಗಿನ ಜಗಲಿಯಲ್ಲಿ ಸೊಬಿತ್ ಓತಾ ಕರ್ಬೂಜ ಹೆಚ್ಚುತ್ತಿದ್ದರು. ತೊಖ್ತಾಖಾನ್ ಅದನ್ನು ಬಟ್ಟೆಯಲ್ಲಿ ಒರೆಸಿ ಅವರ ಮುಂದಿಟ್ಟಳು. ಅವರು ಚಾಕು ಒರೆಸಿ, ಬೆರಳು ಒರೆಸಿ, ಫಲಕವನ್ನು ತೋಳುದ್ದ ದೂರ ಹಿಡಿದು ಓದಿದರು.

“ವ... ವಖ್ತ್.”

“ಏನಂದ್ರಿ, ಮಾವಾ?”

“ವಖ್ತ್ ಅಂತ ಬರೆದಿದೆ. ಯಾರ ವಖ್ತ್, ಕೆಲಿನ್?”

ಕೆಲಿನ್ ಎಂದರೆ ಸೊಸೆ. ನಲವತ್ತು ವರ್ಷದಿಂದ ಅವರ ಬಾಯಲ್ಲಿ ಅವಳ ಹೆಸರು ಅದೇ. ವಖ್ತ್ ಎಂದರೆ ಕಾಲ. ಬಸ್ಸಿಗೆ ವಖ್ತ್ ಆಯ್ತು, ಬಿತ್ತನೆಗೆ ವಖ್ತ್ ಬಂತು ಎನ್ನುವುದು ಮಾಮೂಲು. ಆದರೆ ಮುದುಕರ ವಿಷಯದಲ್ಲಿ ‘ವಖ್ತ್ ಬಂತು’ ಎಂದರೆ ಮನೆಯವರು ಬಿಳಿ ಬಟ್ಟೆ ಎಲ್ಲಿಟ್ಟಿದ್ದೇವೆಂದು ನೆನಪು ಮಾಡಿಕೊಳ್ಳುತ್ತಾರೆ.

ತೊಖ್ತಾಖಾನ್ ಮಾವನ ಕೈಯಿಂದ ಫಲಕ ತೆಗೆದುಕೊಂಡು ನೋಡಿದಳು. ಮೊದಲಕ್ಷರ, ನೇರ ಕಂಬಕ್ಕೆ ಅಂಟಿಕೊಂಡ ಎರಡು ಹೊಟ್ಟೆ, B. ಹೊಸ ಅಕ್ಷರದಲ್ಲಿ ಅದು ‘ಬ’. ಹಳೆಯ ಅಕ್ಷರದಲ್ಲಿಯೂ ಅದೇ ಕಂಬ, ಅವೇ ಎರಡು ಹೊಟ್ಟೆ, ಆದರೆ ಅದು ‘ವ’. ಉಳಿದ ಮೂರು ಅಕ್ಷರಗಳು ಎರಡರಲ್ಲೂ ಒಂದೇ. ಮಕ್ಕಳು ಓದಿದರೆ ಭಾಗ್ಯ, ಮುದುಕರು ಓದಿದರೆ ಕಾಲ. ನಲವತ್ತು ದಫ್ತರ ಎತ್ತಿ ಬರೆದ ಹೆಂಗಸು ಬಾಗಿಲಲ್ಲಿ ಕರೆದು ನೋಡಿದ್ದಳು, ಬೈದು ನೋಡಿದ್ದಳು, ಮೆತ್ತಗೆ ಹೇಳಿ ನೋಡಿದ್ದಳು. ಕಣ್ಣಿನಿಂದ ಓದಿ ನೋಡಿರಲಿಲ್ಲ.

“ನಿಮ್ಮ ಕನ್ನಡಕ ಕೊಳೆಯಾಗಿದೆ,” ಎಂದಳು. ಕನ್ನಡಕವನ್ನು ಸೋಪು ಹಾಕಿ ತೊಳೆದು ತಂದುಕೊಟ್ಟಳು.

ಸೊಬಿತ್ ಓತಾ ಮತ್ತೆ ಓದಿದರು. “ಈಗ ಇನ್ನೂ ಚೆನ್ನಾಗಿ ಕಾಣ್ತಿದೆ. ವಖ್ತ್. ಕೆಲಿನ್, ನಂಗೆ ಎಂಬತ್ತೇಳು ವರ್ಷ. ಬೆನ್ನಿಗೆ ಕಾಲ ಅಂತ ಬರ್ಕೊಂಡಿರೋ ಗಾಡೀಲಿ ನನ್ನ ಕೂರಿಸಿ ಎಲ್ಲಿಗೆ ಕರ್ಕೊಂಡ್ಹೋಗ್ಬೇಕು ಅಂತಿದ್ದೀರಿ?”

“ಅದು ಬಖ್ತ್, ಮಾವಾ.”

“ನೀನು ಬಾಯಲ್ಲಿ ಹೇಳ್ತೀಯ. ಕಾರು ಮಾತಾಡಲ್ಲ. ನಾನು ಕೂರಲ್ಲ.”

ಅಷ್ಟರಲ್ಲಿ ಒದಿಲ್‌ಜೋನ್ ಬಂದ. ಅವನು ಎರಡೂ ಅಕ್ಷರ ಬಲ್ಲವನು. ಅವಳು ಫಲಕವನ್ನು ಅವನ ಮುಂದೆ ಹಿಡಿದಳು. ಅವನು ಫಲಕ ನೋಡಿದ, ಅಪ್ಪನ ಮುಖ ನೋಡಿದ, ಹೆಂಡತಿಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ.

“ನೀನು ಏನಂತೀಯೋ ಅದೇ ಬರೆದಿದೆ,” ಎಂದ.

ಆ ಇಡೀ ದಿನ ತೊಖ್ತಾಖಾನ್ ತನ್ನನ್ನು ತಾನೇ ಒಪ್ಪಿಸಲು ನೋಡಿದಳು. ಮುದುಕರಿಗೆ ವಯಸ್ಸಾಯಿತು. ಮುದುಕರು ಎಲ್ಲದರಲ್ಲೂ ಸಾವನ್ನೇ ಓದುತ್ತಾರೆ. ವಿಷಯ ಈ ಅಂಗಳ ದಾಟಿಲ್ಲ; ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಮೂವತ್ತನಾಲ್ಕು ವರ್ಷದ ದಾಖಲೆ ಹಾಗೇ ಉಳಿಯುತ್ತದೆ. ಆಮೇಲೆ ಯಾರಾದರೂ ಕಂಡುಹಿಡಿದರೆ ಅದು ಸಾನ್ಜಾರನ ತಪ್ಪೆಂದೇ ಊರು ನಂಬುತ್ತದೆ. ಕಾಲುಚೀಲ ಹಾಕದವನ ಬಗ್ಗೆ ಊರು ಏನನ್ನಾದರೂ ನಂಬುತ್ತದೆ. ಈ ಕೊನೆಯ ವಿಚಾರ ಬಂದಾಗ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಅವಳು ಜಂಭದವಳು, ಸುಳ್ಳಿಯಲ್ಲ.

ಮರುದಿನ ಬೆಳಿಗ್ಗೆ ಕಾಲುವೆಯ ಮೇಲಿನ ಚಹಾದಂಗಡಿಗೆ ಹೋದಳು. ಅಲ್ಲಿ ಹೆಂಗಸರು ಕೂರುವುದಿಲ್ಲ. ಅವಳು ಕೂರಲಿಲ್ಲ, ಮೆಟ್ಟಿಲಿನ ಹತ್ತಿರವೇ ನಿಂತಳು. ಜಗಲಿಯ ಮೇಲೆ ಆರು ಜನ ಮುದುಕರಿದ್ದರು. ಬಟ್ಟೆಯಲ್ಲಿ ಸುತ್ತಿದ್ದ ಫಲಕವನ್ನು ಚಹಾದ ತಟ್ಟೆಯ ಮೇಲಿಟ್ಟಳು.

“ಇದನ್ನ ಓದಿ ಹೇಳಿ, ಓತಾಗಳೇ. ಒಬ್ಬೊಬ್ಬರಾಗಿ. ಪಕ್ಕದವರಿಗೆ ಹೇಳಿಕೊಡೋ ಹಾಗಿಲ್ಲ.”

“ಪರೀಕ್ಷೆನಾ, ತೊಖ್ತಾ?” ಎಂದರು ಒಬ್ಬರು. “ಫೇಲಾದ್ರೆ ನಮ್ಮ ಹೆಸರು ಬದಲಾಯಿಸ್ತೀಯಾ?”

ಐದು ಜನ ಒಬ್ಬರ ನಂತರ ಒಬ್ಬರು ‘ವಖ್ತ್’ ಎಂದರು. ಆರನೆಯವರಿಗೆ ಓದಲು ಬರುತ್ತಿರಲಿಲ್ಲ. ಅವರು ಅದನ್ನು ತಲೆಕೆಳಗಾಗಿ ಹಿಡಿದು ಬೆರಳಿನಿಂದ ತಟ್ಟಿ, “ಒಳಗೆ ಹಿತ್ತಾಳೆ,” ಎಂದರು. ಅದು ಸರಿಯಾಗಿತ್ತು.

“ಕಾರ್ಖಾನೇಲಿ ಹೆಣದ ಗಾಡಿ ಮಾಡ್ತಿದ್ದಾರೇನು?” ಎಂದು ಮೂರನೆಯವರು ಕೇಳಿದರು.

“ಮಾಡ್ಲಿ ಬಿಡಿ, ಒಳ್ಳೇದೇ,” ಎಂದರು ಮೊದಲನೆಯವರು. “ಈಗಿನ ಹುಡುಗ್ರು ಎಲ್ಲಿ ಹೆಗಲು ಕೊಡ್ತಾರೆ! ಎರಡು ಬೀದಿ ನಡೆದ್ರೆ ನೀರು ಕೇಳ್ತಾರೆ.”

ತೊಖ್ತಾಖಾನ್ ಚೀಟಿ ತೆಗೆದು, ದಫ್ತರದ ಕೈಬರಹದಲ್ಲಿ ಬರೆದುಕೊಂಡಳು: ವಖ್ತ್, ಐದು. ಬಖ್ತ್, ಸೊನ್ನೆ. ಹಿತ್ತಾಳೆ, ಒಂದು. ಅಲ್ಲಿಂದ ನೇರವಾಗಿ ಕಾರ್ಖಾನೆಗೆ ನಡೆದಳು.

ನಿರ್ದೇಶಕರ ಕೋಣೆಯಲ್ಲಿ ಸಾನ್ಜಾರನೂ ಇದ್ದ. ಅವಳು ಫಲಕವನ್ನೂ ಚೀಟಿಯನ್ನೂ ಮೇಜಿನ ಮೇಲಿಟ್ಟು, ವಿಷಯವನ್ನು ನಾಲ್ಕು ವಾಕ್ಯದಲ್ಲಿ ಹೇಳಿ, ಐದನೆಯದಾಗಿ “ತಪ್ಪು ನನ್ನದು” ಎಂದಳು. ಈ ವಾಕ್ಯವನ್ನು ಅವಳು ಹಿಂದೆಂದೂ ಬಳಸಿರಲಿಲ್ಲ. ಹೊಸ ಚಪ್ಪಲಿಯ ಹಾಗೆ ಕಚ್ಚಿತು.

ಇಲ್ಹೋಮ್ ಕೊಮಿಲೊವಿಚ್ ನಕ್ಕುಬಿಟ್ಟರು. “ಓಪಾ, ಕಾರು ಕೊಳ್ಳೋರು ಯಾರು? ಹುಡುಗ್ರು. ಹುಡುಗ್ರು ಹಳೇ ಅಕ್ಷರ ಓದಲ್ಲ.”

“ಓಡಿಸೋರು ಹುಡುಗ್ರು. ಕೊಡಿಸೋರು ಅಪ್ಪಂದಿರು, ಹರಸೋರು ತಾತಂದಿರು. ತಾತ ಹತ್ತದ ಗಾಡೀನ ಮೊಮ್ಮಗ ಮನೆಗೆ ಹೆಂಗೆ ತರ್ತಾನೆ? ನಿಮ್ಮ ತಂದೆಗೆ ತೋರಿಸಿ ನೋಡಿ.”

ನಿರ್ದೇಶಕರು ಗೆದ್ದವರ ನಗು ನಗುತ್ತಲೇ ಫೋನಿನಲ್ಲಿ ಫಲಕದ ಚಿತ್ರ ತೆಗೆದು ಊರಾಚೆಯಲ್ಲಿದ್ದ ತಂದೆಗೆ ಕಳಿಸಿ, ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟರು.

“ಅಪ್ಪಾ, ಏನು ಬರೆದಿದೆ ಹೇಳಿ.”

ಆ ಕಡೆ ಕನ್ನಡಕದ ಡಬ್ಬಿ ತೆರೆದ ಸದ್ದು ಕೇಳಿತು.

“ಇಲ್ಹೋಮ್,” ಎಂದಿತು ಮುದಿ ದನಿ, “ನಿಜ ಹೇಳು ಮಗನೇ. ನನ್ನ ವಖ್ತ್ ಬಂತು ಅಂತ ಡಾಕ್ಟರ್ ನಿಂಗೆ ಹೇಳಿದ್ರಾ? ನಂಗ್ಯಾಕೆ ಹೇಳ್ಲಿಲ್ಲ?”

ಅದು ಹಾಗಲ್ಲವೆಂದು ತಂದೆಗೆ ನಂಬಿಸಲು ನಿರ್ದೇಶಕರಿಗೆ ಕಾಲು ಗಂಟೆ ಹಿಡಿಯಿತು. ಫೋನು ಇಟ್ಟಾಗ ಅವರ ಅಂಗಿ ಒದ್ದೆಯಾಗಿತ್ತು.

“ಹೆಸರು ಬದಲಾಯಿಸೋದಕ್ಕೆ ಆಗಲ್ಲ,” ಎಂದರು. “ಕಾಗದ ಪತ್ರ ಎಲ್ಲ ಬಖ್ತ್ ಅಂತ ಆಗಿಹೋಗಿದೆ. ಹಳೇ ಅಕ್ಷರದಲ್ಲಿ ಹಾಕಿದ್ರೆ ಹುಡುಗ್ರು ಓದಲ್ಲ, ಮೇಲಿನವರು ಬಿಡಲ್ಲ. ಏನು ಮಾಡೋದು?”

ಸಾನ್ಜಾರ್ ತನ್ನ ಕಡತದ ಅಡಿಯಿಂದ ಒಂದು ಕಾಗದ ಎಳೆದು, ಎರಡು ಬೆರಳಲ್ಲಿ ಮೇಜಿನ ಈಚೆಗೆ ತಳ್ಳಿದ. ಅವನ ಮೊದಲಿನ ಚಿತ್ರ, ನಾಲ್ಕು ಚಿಕ್ಕಕ್ಷರ. ಮೊದಲನೆಯ b ಗೆ ಕಂಬವಿತ್ತು, ಹೊಟ್ಟೆ ಒಂದೇ ಇತ್ತು. ಹಳೆಯ ‘ವ’ಕ್ಕೂ ಅದಕ್ಕೂ ಏನೇನೂ ಹೋಲಿಕೆಯಿಲ್ಲ.

“ಒಂದು ಹೊಟ್ಟೆ ಕರಗಿದ್ರೆ ಸಾಕಾ?” ಎಂದರು ನಿರ್ದೇಶಕರು.

“ಸಾಕು, ಇಲ್ಹೋಮ್ ಕೊಮಿಲೊವಿಚ್,” ಎಂದ ಸಾನ್ಜಾರ್. ಅವನೂ ತೊಖ್ತಾಖಾನಳೂ ಒಟ್ಟಿಗೆ ಕಿಟಕಿಯ ಕಡೆ ನೋಡಿದರು. ನಿರ್ದೇಶಕರು ದೊಡ್ಡ ದೇಹದವರು.

“ಇದು ಚಿಕ್ಕಕ್ಷರ,” ಎಂದಳು ತೊಖ್ತಾಖಾನ್ ಆಮೇಲೆ.

“ಹೌದು, ಓಪಾ.”

“ಹೆಸರಿನ ಮೊದಲಲ್ಲಿ.”

“ಹೌದು, ಓಪಾ.” ಸಾನ್ಜಾರ್ ಮುಖವನ್ನು ಬಹಳ ಎಚ್ಚರಿಕೆಯಿಂದ ನೆಟ್ಟಗಿಟ್ಟುಕೊಂಡಿದ್ದ. ಅವನು ಒಳ್ಳೆಯ ಮನೆಯ ಹುಡುಗನೇ ಇರಬೇಕೆಂದು ಅವಳಿಗೆ ಆಗ ಅನ್ನಿಸಿತು.

ಎಷ್ಟು ಅರ್ಜಿಗಳನ್ನು ಅವಳು ಇದೇ ಕಾರಣಕ್ಕೆ ತಳ್ಳಿರಲಿಲ್ಲ! ಹಿಮದಲ್ಲಿ ಹನ್ನೆರಡು ಮೈಲಿ ನಡೆದು ಬಂದವರನ್ನೂ ವಾಪಸು ಕಳಿಸಿದ್ದಳು. ಹೊಸ ಫಲಕಗಳನ್ನು ಎರಕ ಹೊಯ್ಯಬಹುದು ಎಂದಳು, ಆದರೆ ಪ್ರಮಾಣಪತ್ರಕ್ಕೆ ಈಗ ಸಹಿ ಹಾಕುವುದಿಲ್ಲ. “ಮಾವ ಅದನ್ನ ಓದ್ಲಿ. ಓದಿ ಕೂತ್ರೆ ಹಾಕ್ತೀನಿ. ಕೂರ್ಲಿಲ್ಲ ಅಂದ್ರೆ ನನ್ನ ಸಹಿ ಇಲ್ಲ, ನಿಮ್ಮ ಕಾರಿಗೆ ಹೆಸರೂ ಇಲ್ಲ.”

“ಓಪಾ, ಮುನ್ನೂರು ಜನ ಬಂದಿರ್ತಾರೆ ಅವತ್ತು!”

“ಮುನ್ನೂರು ಜನರ ಮುಂದೇನೇ ಆಗ್ಲಿ.”

ಆಗಸ್ಟಿನ ಕೊನೆಯ ವಾರ ಎರಕದ ಮನೆಯಲ್ಲಿ ಹೇಗೆ ಕಳೆಯಿತೆಂದು ಅಲ್ಲಿಯವರನ್ನೇ ಕೇಳಬೇಕು. ಸೆಪ್ಟೆಂಬರ್ ಒಂದರ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಕಹಳೆ, ತಮ್ಮಟೆ, ಆರು ಕೊಪ್ಪರಿಗೆ ಮಾಂಸದ ಅನ್ನ. ನಡುವೆ ಬಿಳಿಯ ಕಾರು. ಸೊಬಿತ್ ಓತಾ ಪಟ್ಟೆ ನಿಲುವಂಗಿ ತೊಟ್ಟು, ಎದೆಯ ಮೇಲೆ ಪದಕಗಳನ್ನು ಹಾಕಿಕೊಂಡು ಬಂದಿದ್ದರು. ಮುಂದಿನ ಬಾಗಿಲು ತೆರೆದು ನಿಂತಿದ್ದ ಮಗನನ್ನು ಕಂಡೂ ಕಾಣದವರಂತೆ ಕೋಲೂರಿಕೊಂಡು ನೇರವಾಗಿ ಕಾರಿನ ಹಿಂದಕ್ಕೆ ಹೋದರು. ತಮ್ಮಟೆ ನಿಂತಿತು.

ಅವರು ಬಾಗಿದರು. ತುಟಿ ಅಲುಗಿತು, ನಿಂತಿತು. ಒಂದು ಹೊಟ್ಟೆಯ ಆ ಆಕಾರಕ್ಕೆ ಹತ್ತಿರದ ಗುರುತೊಂದು ಹಳೆಯ ಅಕ್ಷರದಲ್ಲಿಯೂ ಉಂಟು, ь ಎಂದು. ಅದಕ್ಕೆ ತನ್ನದೇ ಧ್ವನಿಯಿಲ್ಲ, ಅದು ಪದದ ಮೊದಲಿಗೆ ಬರುವುದೂ ಇಲ್ಲ.

“ಏನಿದು? ಬಾಯೇ ಇಲ್ಲದವನನ್ನ ಮುಂದೆ ನಿಲ್ಲಿಸಿದ್ದೀರಲ್ಲ!”

ನಿರ್ದೇಶಕರು ತೊಖ್ತಾಖಾನಳ ಕಡೆ ನೋಡಿದರು. ಒಂದು ಮಾತು ಹೇಳಿಕೊಟ್ಟರೆ ಮುಗಿಯುತ್ತಿತ್ತು. ಅವಳು ತುಟಿ ಬಿಗಿದು ನಿಂತಳು. ಕೈಯಲ್ಲಿ ಹಿಡಿದ ಪ್ರಮಾಣಪತ್ರ ಬೆವರಿಗೆ ಮೆತ್ತಗಾಗುತ್ತಿತ್ತು. ಹೇಳಿಕೊಟ್ಟು ಓದಿಸಿದರೆ ಅದು ಓದಿದಂತಲ್ಲ. ಮುನ್ನೂರು ಜನ ಬಿಸಿಲಿನಲ್ಲಿ ನಿಂತು ಒಬ್ಬ ಮುದುಕ ನಾಲ್ಕಕ್ಷರ ಓದುವುದನ್ನು ಕಾದರು.

“ಓ,” ಎಂದರು ಸೊಬಿತ್ ಓತಾ ಕೊನೆಗೆ. “ಹೊಸ ಅಕ್ಷರವಾ? ಮೊದಲೇ ಹೇಳ್ಬಾರ್ದಾ? ನಮ್ಮ ಮರಿಮಗಳ ಪುಸ್ತಕದಲ್ಲಿದೆ ಇದು. ಬ. ಬ... ಬಖ್ತ್.” ನೆಟ್ಟಗಾಗಿ ಸೊಸೆಯನ್ನು ಹುಡುಕಿ ನೋಡಿದರು. “ಚಿಕ್ಕದಾಗಿ ಬರೆದಿದ್ದೀಯ, ಕೆಲಿನ್.”

“ಹೌದು, ಮಾವಾ.”

“ಚಿಕ್ಕ ಬಖ್ತ್. ಇರ್ಲಿ. ನನ್ನ ವಯಸ್ಸಿಗೆ ಅಷ್ಟು ಸಾಕು. ದೊಡ್ಡದಾದ್ರೆ ಎತ್ಕೊಂಡು ಹೋಗೋರ್ಯಾರು?”

ಅವರು ಹತ್ತಿ ಕುಳಿತು, ಅಂಗೈಗಳನ್ನು ಮುಂದೆ ಹಿಡಿದು, ರಸ್ತೆಯಲ್ಲಿ ಹಳ್ಳವಿಲ್ಲದಿರಲಿ, ಟೈರಿನಲ್ಲಿ ಮೊಳೆಯಿಲ್ಲದಿರಲಿ, ಮಗ ಕಣ್ಣು ಬಿಟ್ಟುಕೊಂಡು ಓಡಿಸಲಿ ಎಂದು ಬೇಡಿಕೊಂಡು ಮುಖ ಸವರಿಕೊಂಡರು. “ಓಮಿನ್” ಎಂದು ಅಂಗಳ ಗುಡುಗಿತು. ತಮ್ಮಟೆ ಮತ್ತೆ ಶುರುವಾಯಿತು.

ತೊಖ್ತಾಖಾನ್ ಕೊಟ್ಟ ಮಾತಿನಂತೆ ಅಲ್ಲಿಯೇ, ಕಾರಿನ ಹಿಂಬದಿಯ ಮುಚ್ಚಳದ ಗಾಜಿನ ಮೇಲೆ, ವೈಪರಿನ ಕೆಳಗೆ ಪ್ರಮಾಣಪತ್ರ ಸಿಕ್ಕಿಸಿ ಪೆನ್ನು ತೆಗೆದಳು. ‘ಹೆಸರು’ ಎಂಬಲ್ಲಿ ಪೆನ್ನಿನ ತುದಿ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆಮೇಲೆ ಅವಳು ಬರೆದಳು: baxt. ಅವಳ ಕೈಯಿಂದ ಚಿಕ್ಕಕ್ಷರದಲ್ಲಿ ಶುರುವಾದ ಮೊದಲ ಹೆಸರು. ಸಹಿ ಹಾಕಿದಳು. ಇನ್ನು ‘ಷರಾ’ ಎಂಬ ಕೊನೆಯ ಅಂಕಣ ಉಳಿದಿತ್ತು. ಅಲ್ಲಿ ಎರಡಕ್ಷರ ಬರೆಯುವಷ್ಟರಲ್ಲಿ ಕಾಗದ ಪೆನ್ನಿನ ಕೆಳಗಿಂದ ಜಾರಿ ಮುಂದಕ್ಕೆ ಹೊರಟಿತು. ಕಾರು ಹೊರಟಿತ್ತು. ಒಳಗೆ ಸೊಬಿತ್ ಓತಾ ಕೋಲಿನಿಂದ ಗೇಟಿನ ಕಡೆ ತೋರಿಸುತ್ತಿದ್ದರು; ತಮ್ಮಟೆಯ ಸದ್ದಿನಲ್ಲಿ ಗಂಡನಿಗೆ ಹಿಂದಿನದೇನೂ ತಿಳಿದಿರಲಿಲ್ಲ.

ಅರವತ್ತೊಂದು ವರ್ಷ ಆ ಪದವನ್ನು ಬೇರೆಯವರು ಕೂಗುವುದನ್ನು ಕೇಳಿದವಳು, ಓಡುತ್ತಾ, ಗಂಟಲು ಹರಿಯುವಂತೆ ಮೊದಲ ಸಲ ತಾನೇ ಕೂಗಿದಳು.

“ತೊಖ್ತಾ! ತೊಖ್ತಾ!”

ಒದಿಲ್‌ಜೋನ್ ಯೋಚನೆ ಮಾಡಲಿಲ್ಲ. ಮೂವತ್ತು ವರ್ಷ ಪಳಗಿದ ಅವನ ಬಲಗಾಲು ತಾನೇ ಬ್ರೇಕಿನ ಮೇಲೆ ಬಿತ್ತು. ಕಾರು ಗೇಟಿನೊಳಗೆ ನಿಂತಿತು. ತೊಖ್ತಾಖಾನ್ ಏದುಸಿರು ಬಿಡುತ್ತಾ ಬಂದು ಕಾಗದವನ್ನು ಒತ್ತಿ ಹಿಡಿದು, ಷರಾದಲ್ಲಿ ಅರ್ಧಕ್ಕೆ ನಿಂತಿದ್ದ ಮಾತನ್ನು ದಫ್ತರದ ದುಂಡು ಅಕ್ಷರದಲ್ಲಿ ಪೂರೈಸಿದಳು: “ಮೊದಲಕ್ಷರ ಚಿಕ್ಕದು. ಕೈತಪ್ಪಲ್ಲ.”

ಆಮೇಲೆ ಮುಚ್ಚಳದ ಮೇಲೆ ಎರಡು ಸಲ ತಟ್ಟಿದಳು, ಬಸ್ಸಿಗೆ ತಟ್ಟುವ ಹಾಗೆ.

“ಇನ್ನು ಹೋಗಿ.”